ಊರು ಹೊಗಳಿದ ಕಾಯಿಲೆ

ನನಗೆ ಕಾಯಿಲೆ ಬಂದಾಗ ಓಣಿಯವರೆಲ್ಲ ನನ್ನನ್ನು ಹೊಗಳಿದರು. ಜ್ವರ ಬಂದವರಿಗೆ ಗಂಜಿ ಸಿಗುತ್ತದೆ, ಕಾಲು ಮುರಿದವರಿಗೆ ಮಂಚ ಸಿಗುತ್ತದೆ. ನನಗೆ ಸಿಕ್ಕಿದ್ದು ಹೊಗಳಿಕೆ. ಅದಕ್ಕೇ ಗುರುತು ಹಿಡಿಯಲು ಅಷ್ಟು ತಡವಾಯಿತು. ನನ್ನಂಥವರು ಇನ್ನೂ ಯಾವುದೋ ಮನೆಯಲ್ಲಿ ಹೊಗಳಿಸಿಕೊಳ್ಳುತ್ತ ಓಡಾಡುತ್ತಿರಬಹುದು. ಅವರಿಗಾಗಿ, ಅವರಿಗಿಂತ ಹೆಚ್ಚಾಗಿ ಅವರನ್ನು ಹೊಗಳುತ್ತಿರುವವರಿಗಾಗಿ, ಇದನ್ನು ಬರೆಯುತ್ತಿದ್ದೇನೆ.

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹೆಸರು ಸುವರ್ಣಾ. ಮನೆ ಇಳಕಲ್‌ನಲ್ಲಿ, ತವರು ಬೇವೂರು. ಗಂಡ ಮಹಾಂತೇಶ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಲ್ಲಿನ ಜೊತೆ ಇದ್ದೂ ಇದ್ದೂ ಅವರಿಗೆ ಮಾತು ಕಡಿಮೆ. ಅತ್ತೆ ಗೌರವ್ವ ಮಗನ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುವವರು. ಸಹನಾ ನಮ್ಮ ಒಬ್ಬಳೇ ಮಗಳು. ನಮ್ಮದು ಬಸವಣ್ಣನನ್ನು ನಂಬಿದ ಮನೆತನ. ಕಾಯಕ, ದಾಸೋಹ ಎಂಬ ಎರಡು ಮಾತು ನಮ್ಮ ಅಡುಗೆಮನೆಯಲ್ಲಿ ಉಪ್ಪು ಖಾರದಷ್ಟೇ ಸಲೀಸು. ದುಡಿಯುವವರು ಒಳ್ಳೆಯವರು, ಹಂಚಿ ಉಣ್ಣುವವರು ಇನ್ನೂ ಒಳ್ಳೆಯವರು, ಹಾಸಿಗೆ ಹಿಡಿದು ಬಿದ್ದುಕೊಂಡವರು ಮೈಗಳ್ಳರು. ಈ ತತ್ವದಲ್ಲಿ ತಪ್ಪೇನಿಲ್ಲ. ನನ್ನ ಕಾಯಿಲೆ ಬಂದು ಅದರ ನೆರಳಿನಲ್ಲಿ ಅಡಗಿ ಕುಳಿತಿತು, ಅಷ್ಟೇ.

ಮೊದಲು ಬಂದದ್ದು ಬಿದ್ದುಕೊಳ್ಳುವ ಸರದಿ. ಸಹನಾಗೆ ಏಳು ತುಂಬಿದ ವರ್ಷ, ಚಳಿಗಾಲದಲ್ಲಿ ಎರಡು ತಿಂಗಳು ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ನಿದ್ದೆಯೇನೂ ಬರುತ್ತಿರಲಿಲ್ಲ, ಸುಮ್ಮನೆ ಗೋಡೆ ನೋಡುತ್ತಿದ್ದೆ. ತಲೆ ಬಾಚಿಕೊಳ್ಳಬೇಕು ಎಂದು ಬೆಳಿಗ್ಗೆ ಅಂದುಕೊಂಡರೆ ಸಂಜೆಯವರೆಗೂ ಅದೇ ಯೋಚನೆ. ಬಾಚಣಿಗೆ ಮಾತ್ರ ಮೊಳೆಯಲ್ಲೇ ಇರುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದರು.

"ಕೈ ಕಾಲು ಗಟ್ಟಿ ಇದ್ದವರು ಹಿಂಗ ಬಿದ್ಕೊಂಡ್ರ ಶಿವ ಮೆಚ್ಚತಾನೇನವಾ?"

ಬೇವೂರಿನಿಂದ ಅವ್ವ ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿಕೊಂಡು ಬಂದಳು. "ಮೈಯಾಗ ರಕ್ತ ಕಡಿಮಿ ಆಗೇತಿ, ಮತ್ತೇನಿಲ್ಲ" ಎಂದಳು. ಬಾಣಂತಿಗೆ ತಿನ್ನಿಸಿದಂತೆ ದಿನಕ್ಕೆರಡು ತಿನ್ನಿಸಿದಳು. ಸೊಂಟಕ್ಕೆ ಬಲ ಬಂತೇನೋ, ಮನಸ್ಸಿಗೆ ಬರಲಿಲ್ಲ. ನಾನು ಕೆಟ್ಟ ಸೊಸೆ, ಕೆಟ್ಟ ತಾಯಿ ಎಂದು ನನಗೆ ಖಾತ್ರಿಯಾಗಿತ್ತು. ಹಾಗಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ಒಂದು ದಿನ ಎದ್ದೆ. ಎದ್ದವಳು ಮತ್ತೆ ನಿಲ್ಲಲೇ ಇಲ್ಲ.

ಜೂನ್‌ನಲ್ಲಿ ಸಾಲೆ ಶುರುವಾಗುವಷ್ಟರಲ್ಲಿ ನಾನು ಬೇರೆಯೇ ಹೆಂಗಸು. ಕೋಳಿ ಕೂಗುವ ಮೊದಲೇ ಏಳುತ್ತಿದ್ದೆ. ಮೂರು ತಾಸು ಮಲಗಿದರೆ ಸಾಕಾಗುತ್ತಿತ್ತು. ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಎಂಟೂವರೆಯ ಬಸ್ಸಿಗೆ ಹುನಗುಂದಕ್ಕೆ ಹೊರಟರೆ ಒಂದಿಷ್ಟೂ ದಣಿವಿಲ್ಲ. ಕ್ಲಾಸಿನಲ್ಲಿ ಒಂದೇ ದಿನ ಮೂರು ಪಾಠ ಹೇಳಿ ಬೋರ್ಡು ತುಂಬಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಶ್ರಾವಣದಲ್ಲಿ ನಮ್ಮ ಓಣಿಯ ಮಠದಲ್ಲಿ ಪ್ರವಚನ ಶುರುವಾದಾಗ ದಾಸೋಹಕ್ಕೆ ದಿನವೂ ನಾನೇ ರೊಟ್ಟಿ ಕಳಿಸುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಕಳಿಸಿದೆ. ನಾನು ತಟ್ಟುವ ಸಪ್ಪಳಕ್ಕೆ ಪಕ್ಕದ ಮನೆಯವರು ಏಳುತ್ತಿದ್ದರು.

ಅತ್ತೆಗಂತೂ ಹಿಗ್ಗೋ ಹಿಗ್ಗು. ಕಟ್ಟೆಯ ಮೇಲೆ ಕುಳಿತ ಹೆಂಗಸರಿಗೆಲ್ಲ ಹೇಳಿದ್ದೇ ಹೇಳಿದ್ದು.

"ಸೊಸಿ ಅಲ್ಲ ನಮ್ಮವ್ವಾ, ಶರಣಿ ಬಂದಾಳ ನಮ್ಮ ಮನಿಗೆ. ಮಲಗೂದ ಗೊತ್ತಿಲ್ಲ ಆಕಿಗೆ. ಕಾಯಕ ಅಂದ್ರ ಹಿಂಗಿರಬೇಕು!"

ನನ್ನ ಮದುವೆಯ ಇಳಕಲ್ ಸೀರೆಯನ್ನು ಬಾಗಿಲಿಗೆ ಬಂದ ಬಳೆಗಾರ್ತಿಗೆ ಕೊಟ್ಟೆ. ಅವಳು ಕೇಳಿರಲಿಲ್ಲ. ಸೀರೆ ಚೆನ್ನಾಗಿದೆ ಎಂದಿದ್ದಳು, ಅಷ್ಟೇ. ಅತ್ತೆ ಒಂದು ಕ್ಷಣ ತಡೆದು, ಆಮೇಲೆ ಅದಕ್ಕೂ ದಾಸೋಹ ಎಂದೇ ಹೆಸರಿಟ್ಟರು. ಗಂಡನಿಗೊಬ್ಬರಿಗೇ ಅನುಮಾನ. ಒಂದು ದಿನ ಚಹಾ ಕುಡಿಯುತ್ತ, "ಸುವರ್ಣಾ, ಸ್ವಲ್ಪ ಮಲಕೊಂಡ್ರ ಏನಾಕ್ಕೈತಿ?" ಎಂದರು. ನಾನು ಉತ್ತರ ಕೊಡುವ ಮೊದಲೇ ಅತ್ತೆ ಗದರಿದರು. "ಬಿದ್ಕೊಂಡಾಗ ಎದ್ದೇಳು ಅಂತಿದ್ದಿ, ಎದ್ದಾಗ ಬಿದ್ಕೋ ಅಂತಿ. ನಿನಗ ಏನ್ ಬೇಕಲೇ?" ಅವರು ಚಹಾ ಮುಗಿಸಿ ಕೆಲಸಕ್ಕೆ ಹೋದರು.

ಒಳಗೆ ಹೇಗಿತ್ತು ಎಂದು ಕೇಳಿದರೆ ನಿಜ ಹೇಳುತ್ತೇನೆ. ಚೆನ್ನಾಗಿತ್ತು, ಭಾರೀ ಚೆನ್ನಾಗಿತ್ತು. ಎರಡು ತಿಂಗಳು ಗೋಡೆ ನೋಡಿದವಳಿಗೆ ಹಾಗೆ ಓಡಾಡುವುದು ಸ್ವರ್ಗ. ಆದರೆ ನನ್ನ ಮಾತಿಗೆ ಯಾರಾದರೂ ಅಡ್ಡ ಬಂದರೆ ಅವರು ಮುಟ್ಠಾಳರಂತೆ ಕಾಣುತ್ತಿದ್ದರು. ಮಾತು ನಾಲಿಗೆಗಿಂತ ಮುಂದೆ ಓಡುತ್ತಿತ್ತು. ತಾಲ್ಲೂಕಿನ ಊರೂರಿಗೂ ಉಚಿತ ಗಣಿತ ಸಾಲೆ ತೆರೆಯಬೇಕೆಂದು ತೀರ್ಮಾನಿಸಿದ್ದೆ. ಹೆಡ್‌ಮಾಸ್ಟರಿಗೆ ಊಟದ ಹೊತ್ತಿನಲ್ಲಿ ಫೋನ್ ಮಾಡಿ ಅದರ ನೀಲನಕ್ಷೆ ವಿವರಿಸುತ್ತಿದ್ದೆ. ಪಾಪ, ಅವರು ತುತ್ತು ಕೈಯಲ್ಲಿ ಹಿಡಿದು ಹ್ಞೂಂ ಎನ್ನುತ್ತಿದ್ದರು.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಶಿವಯೋಗ ಮಂದಿರಕ್ಕೆ ಹೋಗಿ ಅಲ್ಲಿಯೂ ರೊಟ್ಟಿ ಹಂಚಬೇಕೆಂದು ಹೊಳೆಯಿತು. ಸಾಲೆಗೆ ತಿಳಿಸಲಿಲ್ಲ. ರೊಟ್ಟಿಯ ಬುಟ್ಟಿ ಒಂದು ಕೈಯಲ್ಲಿ, ಎಂಟು ವರ್ಷದ ಸಹನಾಳ ಕೈ ಇನ್ನೊಂದರಲ್ಲಿ. ಬಾದಾಮಿಗೆ ಹೋಗಿ, ಬಸ್ಸು ಬದಲಿಸಿ, ಮಲಪ್ರಭೆಯ ದಂಡೆಯ ಆ ಮಠಕ್ಕೆ ಮುಟ್ಟಿದಾಗ ಹತ್ತು ಗಂಟೆ. ಮಳೆಗಾಲ, ಹೊಳೆ ತುಂಬಿತ್ತು. ಮರದ ಕಟ್ಟೆಯ ಮೇಲೆ ಮಗಳನ್ನು ಕೂಡಿಸಿ, "ಇಲ್ಲೇ ಕುಂದರು, ಬಂದೆ. ಅಲ್ಲಾಡಬ್ಯಾಡ" ಎಂದೆ.

ರೊಟ್ಟಿ ಹಂಚುತ್ತ ಹಂಚುತ್ತ ಬಾಗಲಕೋಟೆಯ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಒಂದು ಗುಂಪಿನ ಜೊತೆ ಮಾತಿಗೆ ನಿಂತೆ. ಗಣಿತ ಸಾಲೆಯ ವಿಷಯ ತೆಗೆದೆ. ಅವರು ತಲೆಯಾಡಿಸಿದರು. ಈಗಿಂದೀಗಲೇ ಬಾಗಲಕೋಟೆಗೆ ಹೋಗಿ ದೊಡ್ಡ ಅಧಿಕಾರಿಗಳನ್ನು ಕಂಡು ಮಂಜೂರು ಮಾಡಿಸಿಬಿಡಬೇಕು ಎನಿಸಿತು. ಅವರು ಹೊರಟಿದ್ದರು. ಅವರ ಟೆಂಪೋ ಹತ್ತಿದೆ. ದಾರಿಯುದ್ದಕ್ಕೂ ಮಾತಾಡಿದೆ.

ಬಾಗಲಕೋಟೆಯ ನವನಗರದ ಒಂದು ಕಚೇರಿಯ ಬೆಂಚಿನಲ್ಲಿ ಕುಳಿತಿದ್ದಾಗ ಅಲ್ಲಿಯ ಜವಾನ ನೀರು ತಂದುಕೊಟ್ಟು, "ಒಬ್ರ ಬಂದೀರೇನ್ರಿ ಟೀಚರ?" ಎಂದ.

"ಹೂನ್ರಿ, ಒಬ್ಬಾಕಿನ ಬಂದೀನಿ" ಎಂದೆ.

ಆ ಮಾತು ಹೇಳುವಾಗ ನನ್ನ ಎದೆ ನಡುಗಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂಬುದೂ ಗೊತ್ತಾಗಲಿಲ್ಲ. ಮಗಳು ನನ್ನ ತಲೆಯಿಂದ ಪೂರ್ತಿ ಅಳಿಸಿಹೋಗಿದ್ದಳು. ಇಷ್ಟು ವರ್ಷಗಳಾದರೂ ಈ ಸಾಲನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಂದೆ.

ಸಹನಾ ಅಲ್ಲಾಡಿರಲಿಲ್ಲ. ಅಲ್ಲಾಡಬ್ಯಾಡ ಎಂದು ನಾನೇ ಹೇಳಿದ್ದೆನಲ್ಲ. ಬಿಸಿಲು ಬಂದರೂ, ಮಳೆ ಹನಿದರೂ ಅದೇ ಕಟ್ಟೆ, ಅದೇ ಜಾಗ. ಉಚ್ಚೆಗೂ ಏಳಲಿಲ್ಲ, ಕುಳಿತಲ್ಲೇ ಮಾಡಿಕೊಂಡಿದ್ದಳು. ಮೂರು ಗಂಟೆಯ ಹೊತ್ತಿಗೆ ಹೂವು, ವಿಭೂತಿ ಮಾರುವ ಒಬ್ಬ ಅಜ್ಜಿ ಬಂದು ಕೇಳಿದಳಂತೆ. ತಂದೆಯ ಫೋನ್ ನಂಬರು ಸಹನಾಳಿಗೆ ಬಾಯಿಪಾಠವಿತ್ತು. ಗಣಿತದ ಟೀಚರ ಮಗಳು ಅಂಕಿ ಮರೆಯಬಾರದೆಂದು ನಾನು ಕಲಿಸಿದ್ದು ಅದೊಂದೇ ಉಪಯೋಗಕ್ಕೆ ಬಂತು. ಮಹಾಂತೇಶ ಮೋಟರ್‌ಸೈಕಲ್ ಮೇಲೆ ಹೋಗಿ ಮುಟ್ಟುವವರೆಗೆ ಆ ಅಜ್ಜಿ ತನ್ನ ಸೆರಗಿನೊಳಗೆ ಕೂಡಿಸಿಕೊಂಡು ಮಂಡಕ್ಕಿ ತಿನ್ನಿಸಿದ್ದಳು. ಅವಳ ಹೆಸರು ಕೇಳಲು ಇವರಿಗೂ ನೆನಪಾಗಲಿಲ್ಲ.

ಇವರು ಫೋನ್ ಮಾಡಿದಾಗ ನಾನು ಏನು ಹೇಳಿದೆ ಗೊತ್ತೇ? "ದೇವರ ಸನ್ನಿಧಿಯಾಗ ಬಿಟ್ಟೀನಿ, ಕಳಕೊಂಡಿಲ್ಲ. ಸಣ್ಣ ಮಾತಿಗೆ ದೊಡ್ಡ ಗದ್ಲ ಮಾಡಬ್ಯಾಡ್ರಿ" ಎಂದು ಫೋನ್ ಇಟ್ಟೆ.

ಅಂದು ರಾತ್ರಿ ಮನೆಗೆ ಮರಳಿದೆ. ಎರಡನೆಯ ದಿನ ನನ್ನನ್ನು ಬಾಗಲಕೋಟೆಯ ಮನೋರೋಗದ ಡಾಕ್ಟರ ಹತ್ತಿರ ಕರೆದೊಯ್ದರು. ಅಲ್ಲಿಯ ವರಾಂಡದ ಬೆಂಚಿನ ಮೇಲೆ ಕುಳಿತವರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಬೇರೆ ದವಾಖಾನೆಗಳಲ್ಲಿ ಪಕ್ಕದವರ ಕಾಯಿಲೆ ಕೇಳಿ, ತಮ್ಮದನ್ನು ಹೇಳಿ, ಔಷಧಿಯನ್ನೂ ಸೂಚಿಸುವ ನಮ್ಮ ಜನ ಇಲ್ಲಿ ನೆಲ ನೋಡುತ್ತಾರೆ. ಅತ್ತೆ ಮಾತ್ರ ಕೇಳದವರಿಗೂ "ಬಿ.ಪಿ. ತೋರಸಾಕ ಬಂದೇವಿ" ಎಂದು ಹೇಳುತ್ತಿದ್ದರು. ಎದುರಿನ ಬೆಂಚಿನಲ್ಲಿ ಇಳಕಲ್‌ನ ಒಬ್ಬ ಸೀರೆ ವ್ಯಾಪಾರಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಕುಳಿತಿದ್ದರು. ನಮ್ಮ ಮನೆಯ ಸೀರೆಗಳೆಲ್ಲ ಅವರ ಅಂಗಡಿಯವೇ. ಅವರು ನಮ್ಮನ್ನು ನೋಡಲಿಲ್ಲ, ನಾವು ಅವರನ್ನು ನೋಡಲಿಲ್ಲ. ಒಂದು ತಾಸಾದ ಮೇಲೆ ಅವರು ಎದ್ದು ಬಂದು, ಮಾತಿಲ್ಲದೆ ಸಹನಾಳ ಉಡಿಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿ, ಮತ್ತೆ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಅಷ್ಟೊಂದು ಮಾತಾಡುತ್ತಿದ್ದ ನಾನು ಆಗ ಐದು ನಿಮಿಷ ಸುಮ್ಮನಿದ್ದೆನೆಂದು ಇವರು ಆಮೇಲೆ ಹೇಳಿದರು.

ಡಾಕ್ಟರು ಹೆಂಗಸು, ನಮ್ಮ ಕಡೆಯವರೇ. ನಯ ನಾಜೂಕಿಲ್ಲ. "ಎಷ್ಟು ತಾಸು ಮಲಗ್ತಾರ?" ಎಂದು ಕೇಳಿದರು.

ಅತ್ತೆ ಎದೆಯುಬ್ಬಿಸಿ ಹೇಳಿದರು. "ಮೂರ ತಾಸ್ರೀ! ಅದ್ರಾಗ ಮನಿ ಕೆಲಸ, ಸಾಲಿ, ಮಠದ ರೊಟ್ಟಿ. ಒಂದ ದಿನಾ ದಣದೆ ಅಂದಾಕಿ ಅಲ್ಲರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವ್ವಾರ, ಎತ್ತು ಸೈತ ದಣೀತೈತಿ. ದಣಿವ ಆಗದಂಥ ಮನಷಾನ್ನ ನೋಡಿದ್ರ ಹೊಗಳಬಾರದು, ಅಂಜಬೇಕು."

"ಕಾಯಕ ಮಾಡಿದ್ರ ತಪ್ಪೇನ್ರಿ?"

"ತಪ್ಪಲ್ಲ. ಊರಿಗೆಲ್ಲಾ ರೊಟ್ಟಿ ಹಂಚಿದ್ರಲ್ಲ, ಆ ದಿನ ಈ ಕೂಸು ಉಂಡೈತೋ ಇಲ್ಲೋ, ಕೇಳಿದ್ರೇನು?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಬೈಪೋಲಾರ್ ಎಂದು. ಚಳಿಗಾಲದಲ್ಲಿ ಬಿದ್ದುಕೊಂಡದ್ದು, ಮಳೆಗಾಲದಲ್ಲಿ ಎದ್ದು ಓಡಿದ್ದು ಎರಡೂ ಅದೇ ಒಂದು ಕಾಯಿಲೆ. ಬಿದ್ದಾಗ ಬೈದಿದ್ದರು, ಓಡಿದಾಗ ಹೊಗಳಿದ್ದರು. ಎರಡೂ ಸಲ ದವಾಖಾನೆಗೆ ಕರೆತರಬೇಕಿತ್ತು. ಕಾಯಕ ಎಂದರೆ ದೇಹವನ್ನು ಸುಡುವುದು ಎಂದು ಬಸವಣ್ಣ ಎಲ್ಲೂ ಹೇಳಿಲ್ಲ. ನಾವೇ ಹಾಗೆ ತಿಳಿದುಕೊಂಡು ಕುಳಿತಿದ್ದೆವು.

ಮೂರು ವಾರ ಅಲ್ಲೇ ಇರಿಸಿಕೊಂಡರು. ಮೊದಲ ವಾರ ನಾನು ಎಲ್ಲರನ್ನೂ ಬೈದೆ. ಎರಡನೆಯ ವಾರ ನಿದ್ದೆ ಮಾಡಿದೆ. ಮೂರನೆಯ ವಾರದ ಒಂದು ಮಧ್ಯಾಹ್ನ ಅನ್ನ ಕಲಸುತ್ತಿದ್ದವಳಿಗೆ ಕಟ್ಟೆಯ ಮೇಲೆ ಕುಳಿತ ಮಗಳು ನೆನಪಾದಳು. ತಟ್ಟೆ ಸರಿಸಿಬಿಟ್ಟೆ. ಅಂದು ಶುರುವಾದ ಅಳು ನಿಲ್ಲಲು ಎರಡು ದಿನ ಹಿಡಿಯಿತು. ಹತ್ತಿರ ಬಂದ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿದರು. "ನನ್ನ ಬಾಯಿಗೆ ಬೆಂಕಿ ಹಾಕ. ನಾನ ನಿನ್ನ ಏರಿಸಿ ಕೂಡಿಸಿದೆ" ಎಂದರು. ಅವರೂ ಅತ್ತರು. ಮದುವೆಯಾಗಿ ಬಂದಮೇಲೆ ನಾವಿಬ್ಬರೂ ಒಂದೇ ಕಾರಣಕ್ಕೆ ಅತ್ತದ್ದು ಅದೇ ಮೊದಲು.

ಗುಳಿಗೆಗಳು ಸುಖದವಲ್ಲ. ಕೈ ನಡುಗುತ್ತಿತ್ತು, ಬೋರ್ಡಿನ ಮೇಲೆ ಎಳೆದ ಸರಳರೇಖೆ ಸರಳವಾಗಿ ಬರುತ್ತಿರಲಿಲ್ಲ. ಎಷ್ಟು ನೀರು ಕುಡಿದರೂ ಬಾಯಾರಿಕೆ. ಮೈ ದಪ್ಪವಾಯಿತು, ರವಿಕೆಗಳೆಲ್ಲ ಬಿಗಿಯಾದವು. ತಿಂಗಳಿಗೊಮ್ಮೆ ಬಾಗಲಕೋಟೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬರಬೇಕಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬ ಮಾಸ್ತರು ಬಲು ಕಾಳಜಿಯಿಂದ ಹೇಳಿದರು. "ಗುಳಗಿ ಬಿಟ್ಟಬಿಡ್ರಿ ಟೀಚರ, ಧ್ಯಾನ ಮಾಡ್ರಿ. ಎಲ್ಲಾ ಮನಸಿನಾಗ ಐತಿ."

"ಹೌದ್ರಿ ಸರ್. ಮೊದಲ ನಿಮ್ಮ ಸಕ್ಕರಿ ಗುಳಗಿ ಬಿಟ್ಟು ಧ್ಯಾನ ಮಾಡಿ ತೋರಸ್ರಿ, ಆಮ್ಯಾಲ ನಾ ಬಿಡ್ತೇನಿ" ಎಂದೆ. ಆಮೇಲೆ ಅವರು ನನಗೆ ಉಪದೇಶ ಮಾಡಲಿಲ್ಲ. ಊರ ಬಾಯಿಗೆ ಹೀಗೆ ಉತ್ತರ ಕೊಡುವುದು ಸುಲಭ. ಹುಚ್ಚಿ ಎಂದರೆ ಎನ್ನಲಿ, ಗುಳಿಗೆ ನುಂಗುವ ಗಂಟಲು ನನ್ನದು ಎಂದು ಗಟ್ಟಿಯಾದೆ.

ಮಗಳಿಗೆ ಕೊಡಲು ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಜೊತೆ ಹೊರಗೆ ಹೊರಟರೆ ಅವಳು ಬಸ್ಸಿನಲ್ಲಿ ಕಂಡಕ್ಟರ ಹತ್ತಿರದ ಸೀಟು ಹುಡುಕುತ್ತಿದ್ದಳು. ಸಂತೆಯಲ್ಲಿ ಒಮ್ಮೆ ಮರೆತು "ಇಲ್ಲೇ ನಿಲ್ಲು, ಬದನಿಕಾಯಿ ತರ್ತೇನಿ" ಎಂದುಬಿಟ್ಟೆ. ಹಿಂತಿರುಗಿ ನೋಡಿದರೆ ಮಗು ಬೆವೆತು ತೊಯ್ದುಹೋಗಿತ್ತು. ಅಳಲಿಲ್ಲ, ಓಡಿ ಬರಲಿಲ್ಲ. ಹೇಳಿದ ಜಾಗದಲ್ಲಿ ನಿಂತೇ ಇತ್ತು. ಇವಳನ್ನು ಇನ್ನೊಮ್ಮೆ ಕಳೆದುಕೊಳ್ಳುವುದಿಲ್ಲ ಎಂದು ಆ ಬದನೆಕಾಯಿಯ ಬುಟ್ಟಿಯ ಮುಂದೆ ಆಣೆ ಮಾಡಿದೆ. ನನ್ನ ನೌಕರಿ, ಮಾನ, ಮೈಕಟ್ಟು ಎಲ್ಲ ಆಮೇಲೆ.

ಆಣೆ ಮಾಡಿದರೆ ಸಾಲದು ಎಂದು ಡಾಕ್ಟರು ಹೇಳಿದರು. "ಇದು ತಿರುಗಿ ಬರಬಹುದು. ಮೊದಲ ವಾರದಾಗ ಹಿಡದ್ರ ಮನ್ಯಾಗ ಸುಧಾರಸ್ತೈತಿ. ಆದ್ರ ನಿಮಗ ಗೊತ್ತಾಗೂದು ಎಲ್ಲಾರಕಿಂತ ಕಡೀಕ. ಯಾಕಂದ್ರ ನಿಮಗ ಅದು ಖುಷಿ ಅನಸ್ತೈತಿ. ಮನ್ಯಾಗಿನವರನ್ನ ಕೇಳ್ರಿ, ಮೊದಲ ಏನ್ ಕಾಣಸ್ತೈತಿ ಅಂತ."

ಒಂದು ರವಿವಾರ ನಾಲ್ವರೂ ಅಡುಗೆಮನೆಯಲ್ಲಿ ಕುಳಿತೆವು. ಗಣಿತದ ನೋಟುಬುಕ್ಕಿನ ಹಾಳೆ ಹರಿದು ನಾನೇ ಪೆನ್ನು ಹಿಡಿದೆ. ಮೊದಲು ಇವರನ್ನು ಕೇಳಿದೆ. "ನನ್ನ ಮಾತು ಮುಗಿಯೂದ್ರಾಗ ನೀ ಉತ್ತರಾ ಕೊಡ್ತಿ" ಎಂದರು. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ, ಅದನ್ನೂ ನಾನು ಮುಗಿಸಲು ಬಿಟ್ಟಿರಲಿಲ್ಲ. ಬರೆದುಕೊಂಡೆ.

ಅತ್ತೆ, "ನಾ ಮಾಡಿದ ಸಾರು ಚೊಲೋ ಆಗೇತಿ ಅಂತಿ. ಶಾಣೆ ಇದ್ದಾಗ ಯಾವತ್ತೂ ಅಂದಿಲ್ಲ" ಎಂದರು. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅವರು ನನ್ನ ಕೈಯ ಪೆನ್ನನ್ನೇ ನೋಡುತ್ತ, "ಇನ್ನೊಂದು ಬರಿ. ನಾ ಕಟ್ಟಿ ಮ್ಯಾಲ ಕುಂತು ನಿನ್ನ ಹೊಗಳಾಕ ಹತ್ತಿದ್ನೆಂದ್ರ ಅದೂ ಒಂದು ಲಕ್ಷಣ" ಎಂದರು. ಓದಿದವರು ದಪ್ಪ ಪುಸ್ತಕಗಳಲ್ಲಿ ಏನೇನು ಬರೆದಿದ್ದಾರೋ ನನಗೆ ಗೊತ್ತಿಲ್ಲ. ಈ ಲಕ್ಷಣವನ್ನು ನಮ್ಮ ಅತ್ತೆಯೇ ಕಂಡುಹಿಡಿದದ್ದು.

ಸಹನಾ ಕಾಲ ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಒತ್ತಾಯ ಮಾಡಬಾರದೆಂದು ಹಾಳೆ ಮಡಚಲು ಹೋದೆ.

"ನೀ ನಗತಿ ಅವ್ವಾ" ಎಂದಳು. "ಭಾಳ ನಗತಿ. ಆದ್ರ ನನ್ನ ನೋಡಂಗಿಲ್ಲ."

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಕೆಳಗೆ ಒಂದು ಕರಾರನ್ನೂ ಬರೆದೆ: ಈ ನಾಲ್ಕರಲ್ಲಿ ಒಂದು ಕಂಡರೂ ಕಂಡವರು ಹೇಳಬೇಕು, ನಾನು ವಾದ ಮಾಡದೆ ಅಂದೇ ಡಾಕ್ಟರ ಹತ್ತಿರ ಹೊರಡಬೇಕು. ಸಹಿ ಹಾಕಿ ಹಿಟ್ಟಿನ ಡಬ್ಬಿಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ.

ನಾಲ್ಕು ವರ್ಷ ಆ ಹಾಳೆ ಹಿಟ್ಟು ಮೆತ್ತಿಕೊಂಡು ಅಲ್ಲೇ ಇತ್ತು. ನಡುವೆ ಸಣ್ಣಪುಟ್ಟ ಇಳಿತಗಳು ಬಂದವು, ದಾಟಿದವು. ಸಹನಾ ಏಳನೆಯ ತರಗತಿಗೆ ಬಂದಳು. ಹೋದ ವರ್ಷ ನನ್ನ ಕ್ಲಾಸಿನ ಮಕ್ಕಳೆಲ್ಲ ಹತ್ತನೆಯ ತರಗತಿಯ ಗಣಿತದಲ್ಲಿ ಪಾಸಾದರು. ಒಬ್ಬರೂ ಉಳಿಯದಂತೆ ಪಾಸಾದದ್ದು ನಮ್ಮ ಸಾಲೆಯಲ್ಲಿ ಅದೇ ಮೊದಲು. ಸಾಲೆಯವರು ಸನ್ಮಾನವಿಟ್ಟುಕೊಂಡರು. ಹಣೆಗೆ ಹುಚ್ಚಿ ಎಂದು ಬರೆಸಿಕೊಂಡವಳಿಗೆ ಶಾಲು ಹೊದಿಸುತ್ತಾರೆ ಎಂದರೆ ಸಣ್ಣ ಮಾತಲ್ಲ. ಹಿಗ್ಗಿದೆ. ಹಿಗ್ಗುವುದು ಕಾಯಿಲೆಯಲ್ಲ, ಅದು ನನಗೂ ಗೊತ್ತು. ಆದರೆ ಏಳು ತಾಸಿನ ನಿದ್ದೆ ಐದಾಯಿತು, ಐದು ನಾಲ್ಕಾಯಿತು. ನಾನು ಯಾರಿಗೂ ಹೇಳಲಿಲ್ಲ. ಕಣ್ಣು ಮುಚ್ಚಿ ಹಾಸಿಗೆಯಲ್ಲಿ ಬಿದ್ದಿದ್ದು, ನಿದ್ದೆ ಬಂದವಳಂತೆ ನಟಿಸಿದೆ. ತಿಳಿದೂ ಮುಚ್ಚಿಟ್ಟೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಸನ್ಮಾನಕ್ಕೆ ಎರಡು ದಿನವಿತ್ತು. ಬೆಳಿಗ್ಗೆ ಸಹನಾಳಿಗೆ ಹೆರಳು ಹಾಕುತ್ತ ಭಾಷಣದ ಮಾತು ಹೇಳುತ್ತಿದ್ದೆ. ಹಾಕಿದೆ, ಸರಿಬರಲಿಲ್ಲ ಎಂದು ಬಿಚ್ಚಿದೆ. ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಮೂರನೆಯ ಸಲ ಅವಳು ನನ್ನ ಕೈ ಸರಿಸಿ, ಎದ್ದು, ತಿರುಗಿ ನಿಂತಳು.

"ಅವ್ವಾ, ನೀ ನಗಾಕತ್ತಿ. ನನ್ನ ನೋಡವಲ್ಲಿ."

ಮೈಯೆಲ್ಲ ಉರಿದು ಹೋಯಿತು. ಬಾಚಣಿಗೆ ಎಸೆದೆ. "ನಾ ಖುಷಿ ಇದ್ರ ನಿಮಗ ಯಾರಿಗೂ ನೋಡಾಕ ಆಗೂದಿಲ್ಲ! ನಾಕ್ ವರ್ಷಕ್ಕ ಒಂದ ಒಳ್ಳೇ ದಿನ ಬಂದೈತಿ, ಅದಕ್ಕೂ ಕಲ್ಲ ಹಾಕ್ತಿ?" ಎಂದು ಕೂಗಿದೆ. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಸಹನಾಳ ತುಟಿ ಅದುರುತ್ತಿತ್ತು. ಅರ್ಧ ಬಿಚ್ಚಿದ ಕೂದಲಿನಲ್ಲಿ ನಿಂತ ಜಾಗದಿಂದ ಕದಲಲಿಲ್ಲ. ನನ್ನನ್ನು ಕಂಡು ಹೆದರಿದ್ದಳು, ಹೆದರಿಯೂ ಹೇಳಿದ್ದಳು. ಅದನ್ನು ನೋಡಿದ ಮೇಲೂ ನನ್ನ ತಲೆ ಸುಮ್ಮನಾಗಲಿಲ್ಲ. ಸನ್ಮಾನ ಮುಗಿಸಿಕೊಂಡು ಹೋದರಾಯಿತು, ಎರಡೇ ದಿನ, ಎರಡು ದಿನದಲ್ಲಿ ಏನಾಗುತ್ತದೆ ಎಂದು ವಾದ ಹೂಡಿತು. ವಾದ ಮಾಡಬಾರದು ಎಂದು ಬರೆದವಳು ನಾನೇ. ಅತ್ತೆ ಗದರಲಿಲ್ಲ, ಹೊಗಳಲಿಲ್ಲ. ಕಪಾಟಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಪಕ್ಕದಲ್ಲಿ ನಿಂತರು.

ಹಲ್ಲು ಕಚ್ಚಿಕೊಂಡು ಹೇಳಿದೆ, "ಚಪ್ಪಲ್ ಹಾಕ್ಕೋರಿ. ಬಾಗಲಕೋಟಿಗೆ ಹೋಗೂಣು."

ಇವರು ಕಾರ್ಖಾನೆಯಲ್ಲಿದ್ದರು. ಫೋನಿನಲ್ಲಿ ತಿಳಿಸಿ ಮೂವರೂ ಬಸ್ಸು ಹತ್ತಿದೆವು. ಟಿಕೆಟು ನಾನೇ ತೆಗೆದೆ, ಸಹನಾ ನಡುವೆ ಕುಳಿತಳು. ಬಾಯಿ ಸುಮ್ಮನಿರಲು ಒಲ್ಲದು. ಮುಂದಿನ ಸೀಟಿನವರ ಊರು, ಕೇರಿ, ಮಕ್ಕಳ ಮಾರ್ಕ್ಸು ಎಲ್ಲ ಕೇಳಿ ಮುಗಿಸಿದೆ. ಬಸ್ಸು ಹುನಗುಂದದಲ್ಲಿ ನಿಂತಿತು. ಕಿಟಕಿಯ ಕೆಳಗೆ ನಮ್ಮ ಸಾಲೆಯ ಒಬ್ಬ ಟೀಚರ್ ನಿಂತಿದ್ದರು. ನನ್ನನ್ನು ಕಂಡು, "ಬಂದ್ರೇನ್ರಿ? ಇಳೀರಿ ಲಗೂ, ಪೆಂಡಾಲ್ ಹಾಕಾಕತ್ಯಾರ, ನಿಮ್ಮನ್ನ ಕೇಳಾಕತ್ಯಾರ" ಎಂದರು.

ಎದ್ದು ನಿಂತೆ. ಕಾಲು ತಾನೇ ಎದ್ದಿತು. ಅರ್ಧ ತಾಸು ಇಳಿದು ನೋಡಿಕೊಂಡು ಮುಂದಿನ ಬಸ್ಸಿಗೆ ಹೋಗಬಹುದು, ಮಗಳ ಜೊತೆ ಅತ್ತೆ ಇದ್ದಾರೆ, ಹತ್ತೇ ಹೆಜ್ಜೆ. ಆ ಹತ್ತು ಹೆಜ್ಜೆ ನನ್ನನ್ನು ಎಳೆದ ಹಾಗೆ ಬದುಕಿನಲ್ಲಿ ಯಾವುದೂ ಎಳೆದಿಲ್ಲ. ಅತ್ತೆ ನನ್ನ ಸೆರಗು ಹಿಡಿಯಲು ಕೈ ಚಾಚಿದರು. ಸಹನಾ ಅವರ ಕೈ ತಡೆದಳು. ನನ್ನನ್ನು ಎಳೆಯಲಿಲ್ಲ, ಕರೆಯಲಿಲ್ಲ. ಸೀಟಿನ ಅಂಚು ಹಿಡಿದು ನನ್ನ ಮುಖ ನೋಡುತ್ತ ಕುಳಿತಳು. ಆಗ ನಾನೂ ಅವಳನ್ನು ನೋಡಿದೆ. ಎಷ್ಟೋ ದಿನಗಳ ನಂತರ ನೋಡಿದೆ. ಹಣೆಯ ಮೇಲೆ ಒಂದು ಹೊಸ ಮೊಡವೆ ಎದ್ದಿತ್ತು. ಯಾವಾಗ ಎದ್ದಿತೋ ನನಗೆ ಗೊತ್ತಿರಲಿಲ್ಲ.

"ನಾ ಇಳ್ಯಾಂಗಿಲ್ಲರಿ ಟೀಚರ. ಆರಾಮಿಲ್ಲ, ದವಾಖಾನಿಗೆ ಹೊಂಟೀನಿ. ಸನ್ಮಾನಕ್ಕೂ ಬರಾಂಗಿಲ್ಲ" ಎಂದೆ.

"ಏನಾಗೇತ್ರಿ?"

"ಬೈಪೋಲಾರ್ರಿ" ಎಂದೆ. ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅತ್ತೆ ಬಿ.ಪಿ. ಎಂದು ತಿದ್ದಲಿಲ್ಲ. ಬಸ್ಸು ಹೊರಟಿತು, ನಾನು ಕುಳಿತೆ. ಬಾಗಲಕೋಟೆ ಬರುವವರೆಗೆ ಕಾಲು ಕುಣಿಯುತ್ತಲೇ ಇತ್ತು, ಕುಣಿಯಲಿ ಎಂದು ಬಿಟ್ಟೆ.

ಡಾಕ್ಟರು ನೋಡಿದರು, ರಕ್ತ ತೆಗೆಸಿದರು, ಗುಳಿಗೆ ಹೆಚ್ಚಿಸಿ ಒಂದನ್ನು ಹೊಸದಾಗಿ ಬರೆದರು. "ಈ ಸಲ ಇಲ್ಲಿ ಇರೂದು ಬ್ಯಾಡ. ಮನಿಗೆ ಹೋಗ್ರಿ, ಮಲಕೋರಿ, ಎಂಟ್ ದಿನ ಬಿಟ್ಟ ಬರ್ರಿ" ಎಂದರು. ಹಾಗೆಯೇ ಆಯಿತು. ಎರಡು ವಾರ ರಜೆ ಹಾಕಿ ಮಲಗಿದೆ. ಶಾಲನ್ನು ಯಾರೋ ಮನೆಗೆ ತಂದುಕೊಟ್ಟರು. ಮೂರನೆಯ ವಾರ ಸಾಲೆಗೆ ಹೋಗಿ ಪಾಠ ಮಾಡಿದೆ, ಒಂದು ದಿನಕ್ಕೆ ಒಂದೇ ಪಾಠ.

ಆದರೆ ನಾನು ಹೇಳಬೇಕಾದದ್ದು ಅಂದು ಹೊರಗಿನ ಕೌಂಟರಿನಲ್ಲಿ ನಡೆದದ್ದು. ಸಿಸ್ಟರು ಕೇಸ್ ಪೇಪರ್ ತುಂಬುತ್ತಿದ್ದರು. ನನ್ನ ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡ ಮೇಲೆ ತಲೆಯೆತ್ತಿ ಅತ್ತೆಯನ್ನೂ ಮಗಳನ್ನೂ ನೋಡಿದರು.

"ಪೇಶಂಟನ್ನ ಕರಕೊಂಡ ಬಂದವರು ಯಾರ್ರಿ?"

ಅತ್ತೆ ಬಾಯಿ ತೆರೆದರು. ಸಹನಾ ಅವರಿಗಿಂತ ಮೊದಲು ಮುಂದೆ ಬಂದು ಕೌಂಟರಿನ ಕಟ್ಟೆಗೆ ಕೈ ಇಟ್ಟಳು.

"ಯಾರೂ ಕರಕೊಂಡ ಬಂದಿಲ್ಲರಿ" ಎಂದಳು. "ನಮ್ಮವ್ವನೇ ನನ್ನ ಕರಕೊಂಡ ಬಂದಾಳ."